ಬೇರೆಯವರ ಹಡಗಿನ ಅನ್ನ

ಊಟದ ವಿಷಯದಲ್ಲಿ ನಾನು ಹಟಮಾರಿ ಎಂದು ಅಹಮದಾಬಾದಿನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳತಿ ಹೇಳುತ್ತಾಳೆ. ವ್ಯಾಪಾರದ ವಿಷಯದಲ್ಲಿ ನಾನು ದಡ್ಡಿ ಎಂದು ನನ್ನ ಹಳೆಯ ಶೇಠ್ ಹೇಳುತ್ತಾರೆ. ಇಬ್ಬರ ಮಾತನ್ನೂ ಅಲ್ಲಗಳೆಯಲು ನನಗೆ ಮನಸ್ಸಿಲ್ಲ. ಆದರೆ ಒಂದು ದೇಶ ತನ್ನ ಊಟವನ್ನು ತಾನೇ ಬೆಳೆದುಕೊಳ್ಳಬೇಕೋ, ಅಗ್ಗವಾಗಿ ಸಿಕ್ಕಲ್ಲಿಂದ ತರಿಸಿಕೊಳ್ಳಬೇಕೋ ಎಂಬ ಪ್ರಶ್ನೆ ಬಂದಾಗಲೆಲ್ಲ ಇಬ್ಬರೂ ನನ್ನನ್ನು ಭಾವುಕಳೆಂದು ಪಕ್ಕಕ್ಕೆ ಸರಿಸುತ್ತಾರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಓದಿದವಳಲ್ಲ. ಫೋನಿನಲ್ಲಿ ಕೇಳಿದವಳು. ಅದೂ ಎರಡು ಕಡೆಯಿಂದ.

ನನ್ನೂರು ಸಿಂಧನೂರಿನ ಕಡೆಯದು. ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳೆಲ್ಲ ಗದ್ದೆಗಳಾದ ಸೀಮೆ. ನಮ್ಮ ಅಜ್ಜಿಗೆ ಅನ್ನವೆಂದರೆ ಹಬ್ಬದ ಊಟ. ನಾನು ದೊಡ್ಡವಳಾಗುವ ಹೊತ್ತಿಗೆ ಮನೆಯಲ್ಲಿ ಎರಡು ಹೊತ್ತೂ ಅನ್ನ, ರೊಟ್ಟಿ ಬೇಕೆಂದರೆ ಖಾನಾವಳಿಗೆ ಹೋಗಬೇಕು ಎನ್ನುವಂತಾಗಿತ್ತು. ಹೀಗಾಗಿ ಓದು ಮುಗಿಸಿದ ಮೇಲೆ ಅಹಮದಾಬಾದಿನಲ್ಲಿ ಅಕ್ಕಿ ರಫ್ತು ಮಾಡುವ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಾಗ ಊರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಕ್ಕಿಯ ಊರಿನ ಹುಡುಗಿ ಅಕ್ಕಿ ಮಾರಲು ಹೋದಳು, ಅಷ್ಟೆ.

ಮಣಿನಗರದಲ್ಲಿ ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ಫ್ಲ್ಯಾಟಿನಲ್ಲಿ ನಾವಿಬ್ಬರು ಇದ್ದೆವು. ಗೆಳತಿ ಮಂಡ್ಯದ ಕಡೆಯವಳು. ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಉಪಗ್ರಹದ ಚಿತ್ರಗಳನ್ನು ನೋಡಿ ಯಾವ ಜಿಲ್ಲೆಯಲ್ಲಿ ಯಾವ ಬೆಳೆ ಎಷ್ಟು ಬಂದಿದೆ ಎಂದು ಅಂದಾಜು ಮಾಡುವುದು ಅವಳ ಕೆಲಸ. ಅವಳಿಗೆ ರಾಗಿಮುದ್ದೆ ಬೇಕು, ನನಗೆ ರೊಟ್ಟಿ ಬೇಕು. ಅವಳು ಮುದ್ದೆ ತಿರುವುವಾಗ ನಾನು ನಗುತ್ತಿದ್ದೆ, ನಾನು ರೊಟ್ಟಿ ಬಡಿಯುವಾಗ ಕೆಳಗಿನ ಮನೆಯವರು ಬಂದು ಏನು ಸದ್ದು ಎಂದು ಕೇಳುತ್ತಿದ್ದರು. ಕಡೆಗೆ ಇಬ್ಬರೂ ಸೋತು ಕುಕ್ಕರಿನಲ್ಲಿ ಅನ್ನಕ್ಕಿಡುತ್ತಿದ್ದೆವು. ನಮ್ಮ ದೇಶದ ಊಟದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ ನಡೆದಿದೆ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ಆಫೀಸಿನಲ್ಲಿ ನನ್ನ ಕೆಲಸ ಸುಲಭದ್ದು. ಅಕ್ಕಿ ಚೀಲಕ್ಕೆ ಬಿದ್ದಲ್ಲಿಂದ ಬಂದರಿನಲ್ಲಿ ಹಡಗಿಗೆ ಏರುವವರೆಗೆ ಬೇಕಾದ ಕಾಗದಪತ್ರ ಹೊಂದಿಸುವುದು, ಕೊಳ್ಳುವವರ ಫೋನಿಗೆ ಉತ್ತರ ಕೊಡುವುದು. ಹಾಗೆ ಪರಿಚಯವಾದವಳು ಪಶ್ಚಿಮ ಆಫ್ರಿಕಾದ ಒಂದು ಬಂದರು ಪಟ್ಟಣದ ಸಗಟು ವ್ಯಾಪಾರಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಮೊದಮೊದಲು ಮೇಡಂ ಎನ್ನುತ್ತಿದ್ದೆ. ಒಂದು ದಿನ ಅವಳೇ, ನಮ್ಮಲ್ಲಿ ದೊಡ್ಡವರನ್ನು ಹಾಗೆ ಕರೆಯುವುದಿಲ್ಲ, ಅಕ್ಕ ಎನ್ನು ಎಂದಳು. ಅಂದಿನಿಂದ ನನಗೆ ಅವಳು ಅಕ್ಕ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಶಾಲೆಯಲ್ಲಿ ಕಲಿತದ್ದೇ. ಅದಕ್ಕೇ ಇರಬೇಕು, ನಾವಿಬ್ಬರೂ ಒಬ್ಬರಿಗೊಬ್ಬರು ಸಲೀಸಾಗಿ ಅರ್ಥವಾಗುತ್ತಿದ್ದೆವು.

ಸಂಜೆಯ ಹೊತ್ತು ಅಲ್ಲಿ ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ಅವಳು ಫೋನು ಮಾಡುತ್ತಿದ್ದಳು. ಹಡಗಿನ ಮಾತು ಮುಗಿದ ಮೇಲೆ ಬೇರೆ ಮಾತು. ಅವಳ ತಾಯಿಯ ಹಳ್ಳಿ ಸಮುದ್ರದಿಂದ ದೂರ, ಒಳನಾಡಿನಲ್ಲಿ. ಅಲ್ಲಿ ಬೆಳೆಯುತ್ತಿದ್ದ ಧಾನ್ಯದ ಚಿತ್ರ ಕಳಿಸಿದಳು. ನೋಡಿದರೆ ಸಜ್ಜೆ. ನಮ್ಮ ಸಜ್ಜೆಯೇ. ಅದನ್ನು ಕುಟ್ಟಿ ಹಿಟ್ಟು ಮಾಡಲು ಹೆಂಗಸರಿಗೆ ಅರ್ಧ ದಿನ ಬೇಕಾಗುತ್ತಿತ್ತಂತೆ. ಆಮೇಲೆ ಹೊರದೇಶಗಳ ಅಕ್ಕಿ ಬಂತು. ಅಗ್ಗ, ಬೇಗ ಬೇಯುತ್ತದೆ, ಬೆಳ್ಳಗೆ ಚೆಂದ. ಮೊದಲು ಪಟ್ಟಣದವರು ಅನ್ನಕ್ಕೆ ಹೊರಳಿದರು, ಆಮೇಲೆ ಹಳ್ಳಿಯವರು. ಸಜ್ಜೆ ಕೊಳ್ಳುವವರಿಲ್ಲದೆ ಅದನ್ನು ಬಿತ್ತುವವರೂ ಇಲ್ಲವಾದರು. ಇದನ್ನೆಲ್ಲ ಅವಳು ದುಃಖದಿಂದ ಹೇಳುತ್ತಿರಲಿಲ್ಲ. ಅವಳ ಎರಡಂತಸ್ತಿನ ಮನೆ ಎದ್ದದ್ದೇ ಆ ಅಕ್ಕಿಯಿಂದ.

ನಾನೂ ಆಗ ಇದರಲ್ಲಿ ತಪ್ಪೇನನ್ನೂ ಕಾಣಲಿಲ್ಲ. ನಾವು ಬೆಳೆದೆವು, ಅವರು ಉಂಡರು. ನಮ್ಮೂರಿನ ಗದ್ದೆಗಳಿಗೆ ಬೆಲೆ ಬಂತು, ಅವರ ಹೆಂಗಸರ ರಟ್ಟೆಗೆ ವಿಶ್ರಾಂತಿ ಬಂತು. ಇನ್ನೇನು ಬೇಕು ಎಂದು ಗೆಳತಿಗೂ ಹೇಳುತ್ತಿದ್ದೆ.

ಆಮೇಲೆ ಒಂದು ವರ್ಷ ಮಳೆ ಹೆಚ್ಚುಕಡಿಮೆಯಾಗಿ, ಇಲ್ಲಿ ಅಕ್ಕಿಯ ಬೆಲೆ ಏರತೊಡಗಿತು. ಸರ್ಕಾರ ಸಾದಾ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. ಟಿ.ವಿ.ಯಲ್ಲಿ ಸುದ್ದಿ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಸರಿಯಾದ ಕೆಲಸ ಎನಿಸಿತು. ಈಗಲೂ ಹಾಗೆಯೇ ಅನಿಸುತ್ತದೆ. ತನ್ನ ಜನಕ್ಕೆ ಮೊದಲು ಬಡಿಸದೆ ಹೊರಗೆ ಮಾರುವ ದೇಶವನ್ನು ಯಾರು ಮೆಚ್ಚುತ್ತಾರೆ? ಅಷ್ಟರಲ್ಲಿ ಅಕ್ಕನ ಫೋನು ಬಂತು. ಅವಳು ಬೈಯಲಿಲ್ಲ, ಅಳಲಿಲ್ಲ. ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದಾರೆ, ನನ್ನ ಅಕ್ಕಿ ಹಡಗಿಗೆ ಏರಿದೆಯೇ ಎಂದಷ್ಟೇ ಕೇಳಿದಳು. ಬೆಳಿಗ್ಗೆ ವಿಚಾರಿಸಿ ಹೇಳುತ್ತೇನೆ ಎಂದೆ.

ಮರುದಿನ ಆಫೀಸಿಗೆ ಹೋದ ಕೂಡಲೇ ವಿಚಾರಿಸಿದೆ. ಬಂದರಿನಿಂದ ಉತ್ತರ ಬರುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಅವಳ ಅಕ್ಕಿ ಹಡಗಿನಲ್ಲಿತ್ತು. ಆದೇಶ ಬರುವ ಮೊದಲೇ ತುಂಬಲು ಶುರುಮಾಡಿದ್ದ ಹಡಗುಗಳಿಗೆ ಹೋಗಲು ಅನುಮತಿಯಿತ್ತು. ಖುಷಿಯಿಂದ ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಶೇಠ್ ಒಳಗೆ ಕರೆದರು.

ಶೇಠ್ ಕೆಟ್ಟವರಲ್ಲ. ಆಫೀಸಿನ ಪ್ಯೂನನ ಹೆಂಡತಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಖರ್ಚು ಪೂರ್ತಿ ತಾವೇ ಕೊಟ್ಟವರು. ಒಡಹುಟ್ಟಿದವಳನ್ನು ಕರೆಯುವ ಹಾಗೆ ನನ್ನನ್ನು ಬೇನ್ ಎಂದೇ ಕರೆಯುತ್ತಿದ್ದರು, ಒಂದು ದಿನವೂ ದನಿ ಏರಿಸಿದವರಲ್ಲ. ಆ ಮಧ್ಯಾಹ್ನ ಅವರು ಎದುರಿನ ಕುರ್ಚಿ ತೋರಿಸಿ, ಚಹಾ ತರಿಸಿ, ಮೆಲ್ಲಗೆ ವಿಷಯ ಹೇಳಿದರು. ನಿಷೇಧದಿಂದಾಗಿ ಹೊರಗೆ ಅಕ್ಕಿಯ ಬೆಲೆ ಒಂದೇ ರಾತ್ರಿಯಲ್ಲಿ ಹಾರಿದೆ. ಇನ್ನೊಂದು ಬಂದರಿನ ದೊಡ್ಡ ವ್ಯಾಪಾರಿಯೊಬ್ಬ ಹಡಗಿನಲ್ಲಿರುವುದನ್ನೆಲ್ಲ ತನಗೇ ಕೊಡಿ ಎನ್ನುತ್ತಿದ್ದಾನೆ. ನಾನು ಅಕ್ಕನಿಗೆ ಫೋನು ಮಾಡಿ, ನಿಮ್ಮ ಮಾಲು ಆದೇಶದಲ್ಲಿ ಸಿಕ್ಕಿಬಿತ್ತು, ನಿಮ್ಮ ಮುಂಗಡ ಹಿಂದಿರುಗಿಸುತ್ತೇವೆ ಎನ್ನಬೇಕು. ಅಷ್ಟೇ.

"ಅವರು ನಿಮ್ಮ ಮಾತನ್ನು ನಂಬುತ್ತಾರೆ ಬೇನ್," ಎಂದರು. "ನಾನು ಹೇಳಿದರೆ ನಂಬುವುದಿಲ್ಲ."

ಆ ಮಾತು ಅವರು ನನ್ನನ್ನು ಹೊಗಳಲು ಹೇಳಿದ್ದು. ನನಗೆ ಕಪಾಳಕ್ಕೆ ಬಿದ್ದಂತಾಯಿತು. ಮಾಲು ಹಡಗಿನಲ್ಲಿದೆಯಲ್ಲ ಶೇಠ್ ಎಂದೆ. ವ್ಯಾಪಾರದಲ್ಲಿ ಎಲ್ಲವನ್ನೂ ಎಲ್ಲರಿಗೂ ಹೇಳಲಾಗುವುದಿಲ್ಲ ಎಂದರು. ಅಲ್ಲಿ ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದಾರಂತೆ ಎಂದೆ. ಜನ ಎಲ್ಲ ಬಂದರಿನಲ್ಲೂ ಇದ್ದಾರೆ ಎಂದರು. ಆಮೇಲೆ ಗಡಿಯಾರ ನೋಡಿ, ಈಗಲೇ ಮಾಡಿಬಿಡಿ, ಅಲ್ಲಿ ಅಂಗಡಿ ತೆರೆದಿರುತ್ತದೆ ಎಂದರು.

ಅವರ ಮೇಜಿನ ಮೇಲಿನ ಫೋನಿನಿಂದಲೇ ಕರೆ ಮಾಡಿದೆ. ಅವರೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ. ಅಕ್ಕ ಎತ್ತಿದಳು. ನಾನು ಒಂದೊಂದೇ ಪದ ಬಿಡಿಸಿ ಹೇಳಿದೆ. "ಅಕ್ಕಾ, ನಿಮ್ಮ ಅಕ್ಕಿ ಹಡಗಿನಲ್ಲಿದೆ. ಹಡಗು ಹೊರಡಲು ಅನುಮತಿಯಿದೆ. ನೀವು ಇವತ್ತೇ ನಿಮ್ಮ ಬ್ಯಾಂಕಿನವರ ಕಡೆಯಿಂದ ಹಡಗಿಗೆ ಏರಿಸಿದ ಕಾಗದಪತ್ರ ಕೇಳಿಸಿ."

ಆ ಕಡೆಯಿಂದ ದೊಡ್ಡ ಉಸಿರು ಕೇಳಿಸಿತು. ದೇವರು ನಿನಗೆ ಒಳ್ಳೆಯದು ಮಾಡಲಿ ಎಂದಳು. ನಾನು ಫೋನು ಇಟ್ಟೆ.

ಶೇಠ್ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು. ಚಹಾ ಆರಿತ್ತು. "ನನ್ನ ಕುರ್ಚಿಯ ಎದುರು ಕೂತು ನೀವು ಅವರ ನೌಕರಿ ಮಾಡಿದಿರಿ," ಎಂದರು. ನಾನು ಹೇಳಿದ್ದರಲ್ಲಿ ಸುಳ್ಳೇನಾದರೂ ಇದೆಯೇ ಎಂದು ಕೇಳಿದೆ. ಇಲ್ಲ ಎಂದು ಅವರೇ ಒಪ್ಪಿಕೊಂಡರು. ನಾನು ತಲೆ ತಗ್ಗಿಸದೆ ಎದ್ದು ಬಂದೆ.

ವಿಷಯ ಗೊತ್ತಾದ ಮೇಲೆ ಅಕ್ಕ ಬಿಡಲಿಲ್ಲ. ಅವಳ ಬ್ಯಾಂಕು ಬೆನ್ನಿಗೆ ನಿಂತಿತು. ಅಕ್ಕಿ ಅವಳ ಬಂದರಿಗೇ ಹೋಯಿತು. ನನ್ನನ್ನು ಕೆಲಸದಿಂದ ತೆಗೆದರೆ ಮಾತು ಹೊರಗೆ ಬರುತ್ತದೆ ಎಂದೋ ಏನೋ, ಶೇಠ್ ನನ್ನನ್ನು ವಡೋದರಕ್ಕೆ ವರ್ಗ ಮಾಡಿದರು. ಅಲ್ಲಿ ರಫ್ತಿಲ್ಲ, ಆಮದು. ತೊಗರಿ. "ಅಲ್ಲಿ ಹೋಗಿ ಸ್ವಲ್ಪ ದಿನ ಕೊಳ್ಳುವವರ ಕಡೆ ಕೂತು ನೋಡಿ," ಎಂದರು. ಶಿಕ್ಷೆಯೆಂದು ಕೊಟ್ಟ ಕೆಲಸ ಅದು. ಅವರಿಗೆ ನಾನು ಋಣಿ.

ಹೊರಡುವ ಮೊದಲು ಅಕ್ಕನ ಜೊತೆ ಒಮ್ಮೆ ಮಾತಾಡಿದೆ. ಬಂದ ಅಕ್ಕಿಯನ್ನು ಮನೆಗಿಷ್ಟು ಎಂದು ಅಳೆದು ಮಾರಿದ್ದಳಂತೆ. ಅದು ಮುಗಿದ ಮೇಲೆ ಜನ ಅಂಗಡಿಗೆ ಬಂದು, ಹಡಗು ನಿಲ್ಲಿಸಿದವಳೇ ಅವಳೇನೋ ಎಂಬಂತೆ ಬೈದು ಹೋದರಂತೆ. ನಾನು ನಮ್ಮ ಸರ್ಕಾರದ ಪರವಾಗಿ ಕ್ಷಮೆ ಕೇಳುವ ಹಾಗೆ ಏನೋ ಅಂದೆ. ಅವಳು ತಡೆದಳು.

"ನಿಮ್ಮವರು ತಪ್ಪು ಮಾಡಲಿಲ್ಲ ತಂಗಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಬಾಗಿಲು ಹಾಕುತ್ತಿದ್ದೆ. ನಿಮ್ಮ ಅಡುಗೆಮನೆಯನ್ನು ನೆಚ್ಚಿ ನಮ್ಮ ಒಲೆ ಆರಿಸಿಕೊಂಡೆವಲ್ಲ, ತಪ್ಪು ಅದು. ಮಾರಿದವಳು ನಾನೇ, ಅದಕ್ಕೇ ಹೇಳುತ್ತಿದ್ದೇನೆ."

ವಡೋದರದ ನಮ್ಮ ಆಫೀಸು ಡಭೋಯಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಗೋದಾಮಿನ ಮೇಲಿತ್ತು. ಕೆಳಗೆ ಸಮುದ್ರದಾಚೆಯಿಂದ ಬಂದ ತೊಗರಿಯ ಮೂಟೆಗಳು. ಕಿಟಕಿಯಿಂದ ಆಚೆ ನೋಡಿದರೆ ಕಪ್ಪು ಮಣ್ಣು. ಆ ಮಣ್ಣು ನೋಡಿದರೆ ನನಗೆ ಊರು ನೆನಪಾಗುತ್ತಿತ್ತು. ತೊಗರಿಗೆ ಹೇಳಿ ಮಾಡಿಸಿದ ನೆಲ. ಆ ನೆಲದ ಮೇಲೆ ಕೂತು ನಾವು ಹೊರಗಿನ ತೊಗರಿ ಕಾಯುತ್ತಿದ್ದೆವು. ಗುಜರಾತಿನ ಮನೆಯಲ್ಲಿ ದಾಲ್ ಇಲ್ಲದೆ ಊಟವಿಲ್ಲ, ನಮ್ಮಲ್ಲಿ ಸಾರಿಲ್ಲದೆ ಊಟವಿಲ್ಲ. ಇಂಥ ವಸ್ತು ಹಡಗಿನಲ್ಲಿ ಬರಬೇಕು ಎಂಬುದನ್ನು ನಾನು ಅದುವರೆಗೂ ಯೋಚಿಸಿಯೇ ಇರಲಿಲ್ಲ.

ಹೋಗಿ ಕೆಲವು ತಿಂಗಳಾಗಿತ್ತು. ಹಬ್ಬಗಳು ಹತ್ತಿರವಿದ್ದಾಗ ನಮ್ಮ ತೊಗರಿ ಆ ಕಡೆಯ ಬಂದರಿನಲ್ಲಿ ನಿಂತುಹೋಯಿತು. ಅಲ್ಲಿನ ವ್ಯಾಪಾರಿಗಳ ನಡುವೆ ಏನೋ ವ್ಯಾಜ್ಯ ಎಂದರು, ಅಲ್ಲಿನ ಅಧಿಕಾರಿಗಳು ತಡೆದಿದ್ದಾರೆ ಎಂದರು. ಒಂದೊಂದು ದಿನ ಒಂದೊಂದು ಕಾರಣ. ವಡೋದರದ ದಾಲ್ ಮಿಲ್ಲಿನವರು ದಿನವೂ ನನಗೆ ಫೋನು ಮಾಡುತ್ತಿದ್ದರು, ನಾನು ದಿನವೂ ಆ ಕಡೆಯ ಗುಮಾಸ್ತನಿಗೆ ಮಾಡುತ್ತಿದ್ದೆ. ಅವನದು ಬಹಳ ಮರ್ಯಾದೆಯ ದನಿ. ವಿಚಾರಿಸಿ ಹೇಳುತ್ತೇನೆ ಮೇಡಂ, ನಾಳೆ ಹೇಳುತ್ತೇನೆ ಮೇಡಂ. ನನ್ನ ಹಳೆಯ ಕುರ್ಚಿಯಲ್ಲಿ ಅವನು ಕೂತಿದ್ದಾನೆ, ಅಕ್ಕನ ಕುರ್ಚಿಯಲ್ಲಿ ನಾನು ಕೂತಿದ್ದೇನೆ ಎಂದು ಒಂದು ದಿನ ಹೊಳೆಯಿತು. ಅವನ ಹಿಂದೆ ಯಾವ ಶೇಠ್ ಏನು ಹೇಳಿಸುತ್ತಿದ್ದಾನೋ ನನಗೆ ತಿಳಿಯುವ ದಾರಿ ಇರಲಿಲ್ಲ. ಅಂಗಡಿಗಳಲ್ಲಿ ಬೇಳೆಯ ಬೆಲೆ ಏರಿತು. ನಾನಿದ್ದ ಮನೆಯ ಒಡತಿ ದಾಲಿಗೆ ನೀರು ಹೆಚ್ಚು ಹಾಕತೊಡಗಿದರು.

ಆ ವಾರದ ರಜೆಗೆ ಮಣಿನಗರಕ್ಕೆ ಬಂದವಳು ಗೆಳತಿಯ ಮುಂದೆ ಎಲ್ಲವನ್ನೂ ಸುರಿದೆ. ಅವಳು ಸಮಾಧಾನವಾಗಿ ಕೇಳಿ, ತನ್ನ ಲೆಕ್ಕ ತೆಗೆದಳು.

"ಮೇಲಿಂದ ನೋಡೋಳು ನಾನು ಕಣೇ. ಭತ್ತ ಬೆಳೆಯೋ ಕಡೆಯೆಲ್ಲ ಬೋರ್‌ವೆಲ್ಲು ಆಳಕ್ಕೆ ಹೋಗ್ತಾನೇ ಇದೆ. ನೀನು ಹಡಗಲ್ಲಿ ಕಳಿಸ್ತಿದ್ದದ್ದು ಬರೀ ಅಕ್ಕಿ ಅಲ್ಲ, ನೀರು. ನೀರಿಲ್ಲದ ದೇಶ ಹೊರಗಿಂದ ತರಿಸ್ಕೊಂಡು ತಿಂದ್ರೆ ಏನು ತಪ್ಪು? ಎಲ್ಲರೂ ಎಲ್ಲಾನೂ ಬೆಳೀತೀವಿ ಅಂತ ಹೊರಟ್ರೆ ನೆಲ ಉಳಿಯಲ್ಲ."

"ನೀ ಹೇಳಾದು ಖರೇ ಐತಿ," ಎಂದೆ. "ಮರುಭೂಮಿಯವ್ರು ತರಿಸ್ಕೊಳ್ಳಲಿ, ಅವ್ರಿಗೆ ಬ್ಯಾರೆ ದಾರಿ ಇಲ್ಲ. ಆದ್ರ ಸಜ್ಜಿ ಬೆಳೆಯೋ ನೆಲ ಇದ್ದೂ ಅಕ್ಕಿ ತರಿಸ್ಕೊಳ್ಳಾದು, ತೊಗರಿ ಬೆಳೆಯೋ ನೆಲ ಇದ್ದೂ ತೊಗರಿ ತರಿಸ್ಕೊಳ್ಳಾದು, ಅದಕ್ಕೇನಂತಿ? ಸಜ್ಜಿಗೆ, ತೊಗರಿಗೆ ಬೋರ್‌ವೆಲ್ ಬೇಕೇನು?"

ಬೇಡ ಎಂದಳು. ಆದರೆ ಅಗ್ಗವಾಗಿ ಸಿಗುವಾಗ ದುಬಾರಿ ಬೆಳೆ ಎಂದು ರೈತನಿಗೆ ಯಾರು ಹೇಳುತ್ತಾರೆ, ಹೇಳಿದರೆ ಅವನು ಯಾಕೆ ಕೇಳುತ್ತಾನೆ ಎಂದಳು. ಅದು ಸರಿಯಾದ ಪ್ರಶ್ನೆ.

ವಡೋದರಕ್ಕೆ ಮರಳಿ ಉತ್ತರ ಹುಡುಕಲು ಹೋದೆ. ಡಭೋಯಿಯ ದಾರಿಯಲ್ಲಿ ಒಬ್ಬ ಹಿರಿಯ ರೈತರಿದ್ದರು. ಹತ್ತಿ ಬೆಳೆಯುತ್ತಿದ್ದ ಸ್ಥಿತಿವಂತರು, ಹೊಸ ಟ್ರ್ಯಾಕ್ಟರು ಇತ್ತು. ಹೊಲದ ಅಂಚಿನಲ್ಲಿ ಮಾತ್ರ ಮನೆಗೆ ಬೇಕಾದಷ್ಟು ತೊಗರಿ ಹಾಕಿದ್ದರು. ಯಾಕೆ ಕಾಕಾ, ಹೊಲದ ತುಂಬ ಹಾಕಬಾರದೇ ಎಂದು ನನಗೆ ಬಂದಷ್ಟು ಗುಜರಾತಿಯಲ್ಲಿ ಕೇಳಿದೆ. ಅವರು ನಕ್ಕರು. ಹಿಂದೆ ಹಾಕುತ್ತಿದ್ದರಂತೆ. ಕೊಯ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಹಡಗು ಬಂದು ಬೆಲೆ ಬೀಳುತ್ತಿತ್ತಂತೆ.

"ನಿಮ್ಮಂಥವರೇ ಬಂದು ಬಿತ್ತಿ ಎನ್ನುತ್ತಾರೆ. ಹಡಗು ಬಂದ ದಿನ ಅವರ ಫೋನು ಹತ್ತುವುದಿಲ್ಲ. ಹಡಗಿನದು ಅಗ್ಗವಾದರೂ ನನ್ನದನ್ನು ಕೊಳ್ಳುತ್ತೇನೆ ಎನ್ನಿ, ನಾಳೆಯೇ ಹತ್ತಿ ಬಿಡುತ್ತೇನೆ," ಎಂದರು.

ಇಷ್ಟೇ ಉತ್ತರ. ಮುಂದಿನ ಬಾರಿ ಶೇಠ್ ವಡೋದರಕ್ಕೆ ಬಂದಾಗ ಇದನ್ನೇ ಅವರ ಮುಂದಿಟ್ಟೆ. ಮಳೆಗೆ ಮೊದಲೇ ಸುತ್ತಲಿನ ರೈತರ ಜೊತೆ ಮಾತು ಆಡಿಬಿಡೋಣ, ಇಂಥ ಬೆಲೆಗೆ ಕೊಳ್ಳುತ್ತೇವೆ ಎಂದು. ಹಡಗು ನಿಂತದ್ದರಿಂದ ಅವರೂ ಪೆಟ್ಟು ತಿಂದಿದ್ದರು. ಕಿವಿಗೊಟ್ಟು ಕೇಳಿದರು. ಗೋದಾಮು ಕೊಡುತ್ತೇನೆ ಎಂದರು, ಬೀಜ ಕೊಡಿಸುತ್ತೇನೆ ಎಂದರು. ನನ್ನ ಎದೆ ಹಿಗ್ಗಿತು. ಹಡಗಿನ ತೊಗರಿ ಅಗ್ಗವಾದ ವರ್ಷವೂ ಕೊಳ್ಳುವ ಮಾತು ಕೊಡಬೇಕು ಎಂದೆ. ಅವರು ತಲೆ ಅಲ್ಲಾಡಿಸಿದರು. ಅದು ವ್ಯಾಪಾರವಲ್ಲ, ಧರ್ಮಛತ್ರ ಎಂದರು.

"ಹಾಗಾದರೆ ಹಡಗು ಬಾರದ ವರ್ಷ ಯಾರ ಹತ್ತಿರ ಹೋಗುತ್ತೀರಿ ಶೇಠ್?"

"ಆಗ ಇನ್ನೊಂದು ದೇಶ ಇರುತ್ತದೆ ಬೇನ್. ಯಾವಾಗಲೂ ಇನ್ನೊಂದು ದೇಶ ಇರುತ್ತದೆ."

ಅದೇ ವಾರ ಕೆಲಸ ಬಿಟ್ಟೆ. ಊರಿನಿಂದ ಅವ್ವ ಫೋನಿನಲ್ಲಿ, ಯಾರ ಮೇಲಿನ ಸಿಟ್ಟಿಗೆ ಬಿಟ್ಟಿ ಎಂದು ಕೇಳಿದಳು. ಸಿಟ್ಟಲ್ಲವ್ವ, ಒಪ್ಪಲಿಲ್ಲ ಎಂದೆ. ಒಪ್ಪಂಗಿಲ್ಲ ಅಂದ್ಮ್ಯಾಗ ಬಿಡಬೇಕು ಬಿಡು ಎಂದಳು. ಅವಳಿಂದ ಆ ಮಾತು ನಾನು ನಿರೀಕ್ಷಿಸಿರಲಿಲ್ಲ.

ಸೂರತ್ತಿಗೆ ಯಾಕೆ ಹೋದೆ ಎಂದು ಎಲ್ಲರೂ ಕೇಳುತ್ತಾರೆ. ವಡೋದರದಲ್ಲಿದ್ದಾಗ ಕಂಪನಿಯ ಕೆಲಸಕ್ಕೆಂದು ಒಂದು ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದೆ. ತಾಪಿ ನದಿಯ ಕಡೆ ಸಾಲಾಗಿ ಗಾಡಿ ಹಾಕಿಕೊಂಡು ಪೋಂಕ್ ಮಾರುತ್ತಿದ್ದರು. ಹಸಿರು ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಹೊಟ್ಟು ತೂರಿ, ಬಿಸಿಬಿಸಿಯಾಗಿ ಸೇವು ಬೆರೆಸಿ ಕೊಡುತ್ತಾರೆ. ಒಂದು ಹಿಡಿ ಬಾಯಿಗೆ ಹಾಕಿದವಳು ಹಾಗೇ ನಿಂತೆ. ಸೀತನಿ. ನಮ್ಮ ಕಡೆ ಎಳೆಜೋಳದ ತೆನೆ ಸುಟ್ಟು ತಿನ್ನುವ ಅದೇ ಸೀತನಿ. ಗಾಡಿಯ ಹೆಂಗಸಿಗೆ ಇದು ನಮ್ಮೂರಿನದು ಎಂದೆ. ಅಲ್ಲ, ಇದು ಸೂರತ್ತಿನದು, ಇಲ್ಲೇ ಹೊರವಲಯದ ಹೊಲದ್ದು ಎಂದು ಆಕೆ ಗಟ್ಟಿಯಾಗಿಯೇ ಹೇಳಿದಳು. ಇಬ್ಬರೂ ಬಿಟ್ಟುಕೊಡಲಿಲ್ಲ. ತಾನು ಬೆಳೆದದ್ದರ ಬಗ್ಗೆ ಹೀಗೆ ಜಗಳಕ್ಕೆ ನಿಲ್ಲುವ ಜನ ಇರುವ ಊರಿನಲ್ಲಿ ನನ್ನ ಕೆಲಸ ನಡೆಯುತ್ತದೆ ಎಂದು ಅನಿಸಿತ್ತು.

ವರಾಛಾದ ಒಂದು ಗಲ್ಲಿಯಲ್ಲಿ ಗಿರಣಿ ಹಾಕಿದೆ. ಮೇಲೆ ಕೆಳಗೆ ಎಲ್ಲ ವಜ್ರ ಉಜ್ಜುವ ಕಾರ್ಖಾನೆಗಳು. ಅಲ್ಲಿ ಕೆಲಸ ಮಾಡುವವರ ಮನೆಗಳು ಬಹುಪಾಲು ಸೌರಾಷ್ಟ್ರದಿಂದ ಬಂದವು, ಸಜ್ಜೆಯ ರೋಟ್ಲಾ ಬಿಡದ ಜನ. ಸಜ್ಜೆ, ಜೋಳ ಬೀಸಿ ಮಾರಿದೆ. ಡಭೋಯಿ ಕಾಕಾರ ಮನೆಗೆ ಸಾಕಾಗಿ ಉಳಿದ ತೊಗರಿಯನ್ನು ಬೇಳೆ ಮಾಡಿಸಿ ತಂದು ಮಾರಿದೆ. ಅಂಗಡಿ ಬೇಗ ಕಾಲೂರಿತು. ಆ ಹುಮ್ಮಸ್ಸಿನಲ್ಲಿ ಪಾಂಡೇಸರಾಕ್ಕೂ ಹೋದೆ. ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ಕೆಲಸಗಾರರಿಗೆ ಊಟ ಹಾಕುವ ಮೆಸ್ಸೊಂದರಲ್ಲಿ ಒಂದು ವಾರ ಜೋಳದ ರೊಟ್ಟಿ ಬಡಿಸಿ ನೋಡಿದೆವು. ಒಡಿಶಾದಿಂದ ಬಂದ ಆ ಜನ ಎರಡು ದಿನ ಮರ್ಯಾದೆಗೆ ತಿಂದರು. ಮೂರನೆಯ ದಿನ ಒಬ್ಬರು ಬಂದು, ದೀದಿ, ಬಾಯ್ಲರಿನ ಮುಂದೆ ನಿಂತು ಬಂದವರಿಗೆ ಅನ್ನ ಬೇಕು ಎಂದರು. ನಾನು ವಾದಕ್ಕೆ ನಿಲ್ಲಲಿಲ್ಲ. ಅವರ ಅನ್ನ ಅವರದು. ನವಸಾರಿಯ ಕಡೆ ಭತ್ತ ಬೆಳೆಯುವವರನ್ನು ಹುಡುಕಿ ಆ ಮೆಸ್ಸಿಗೆ ಅಲ್ಲಿಯ ಅಕ್ಕಿಯನ್ನೇ ಹಾಕತೊಡಗಿದೆ. ಇನ್ನೊಬ್ಬರ ತಟ್ಟೆಯಲ್ಲಿರುವುದನ್ನು ಕಿತ್ತು ರೊಟ್ಟಿ ಇಡುವುದು ನನ್ನ ಹಟವಲ್ಲ. ಉಣ್ಣುವುದು ಏನೇ ಇರಲಿ, ಅದನ್ನು ಬೆಳೆದವರ ಊರಿಗೆ ಬಸ್ಸಿನಲ್ಲಿ ಹೋಗಿ ಬರುವಂತಿರಲಿ ಎಂಬುದು ನನ್ನ ಹಟ.

ಸರ್ಕಾರ ಅಕ್ಕಿಯ ರಫ್ತನ್ನು ಮತ್ತೆ ತೆರೆದ ಮೇಲೆ ಒಂದು ಮಧ್ಯಾಹ್ನ ಶೇಠ್ ನನ್ನ ಅಂಗಡಿಗೆ ಬಂದರು. ಹಿಟ್ಟು ಮೆತ್ತಿದ ಸ್ಟೂಲನ್ನು ಒರೆಸಿ ಕೂರಿಸಿದೆ. ಅವರು ಸುತ್ತ ನೋಡಿ, ಚೆನ್ನಾಗಿದೆ ಎಂದರು, ಮನಸ್ಸಿನಿಂದಲೇ. ಆಮೇಲೆ ಬಂದ ಕಾರಣ ಹೇಳಿದರು. ಅಕ್ಕ ಮತ್ತೆ ಅಕ್ಕಿ ತರಿಸುತ್ತಿದ್ದಾಳೆ, ಆದರೆ ಹಿಂದಿನಷ್ಟಲ್ಲ. ಮಾತಾಡುವುದಾದರೆ ನನ್ನ ಜೊತೆಯೇ ಎನ್ನುತ್ತಾಳೆ. ನಾನು ಅಹಮದಾಬಾದಿಗೆ ಮರಳಬೇಕು, ಅಲ್ಲಿ ನನ್ನ ಮಾತು ನಡೆಯುತ್ತದೆ.

ಬರುವುದಿಲ್ಲ ಎಂದೆ.

ಅವರಿಗೆ ಬೇಸರವಾಯಿತು. ಅವರು ಹೇಳಿದ ಮಾತನ್ನು ಇಲ್ಲಿ ಬಿಡುವುದು ನ್ಯಾಯವಲ್ಲ. ಅಕ್ಕನ ದೇಶದಲ್ಲಿ ಬೆಳೆ ಹೋದ ವರ್ಷಗಳಲ್ಲಿ ಹೊಟ್ಟೆ ತುಂಬಿಸಿದ್ದು ನಮ್ಮ ಅಕ್ಕಿ, ಅದನ್ನು ಮಾರಿದ್ದು ನಾವು, ನೀವೂ ಎಂದರು. ನಿಜ. ನಾನು ಅಲ್ಲಗಳೆಯಲಿಲ್ಲ.

"ಬೆಳೆ ಹೋದ ವರ್ಷಕ್ಕೆ ಹಡಗು ಇರಲಿ ಶೇಠ್," ಎಂದೆ. "ಹಡಗೇ ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ಎಲ್ಲ ವರ್ಷಕ್ಕೂ ಹಡಗೇ ಎಂದರೆ, ಒಂದು ದಿನ ಯಾರೋ ಒಬ್ಬಳು ಯಾವುದೋ ಆಫೀಸಿನ ಫೋನಿನಲ್ಲಿ ನಿಜ ಹೇಳುತ್ತಾಳೋ ಇಲ್ಲವೋ ಎಂಬುದರ ಮೇಲೆ ಊರಿನ ಊಟ ನಿಲ್ಲುತ್ತದೆ. ಅವತ್ತು ನಾನು ಹೇಳಿದೆ. ಹೇಳದವರೂ ಇರುತ್ತಾರೆ."

ಅವರು ಎದ್ದು ನಿಂತರು. ಹೊರಡುವಾಗ ಮನೆಗೆಂದು ಸಜ್ಜೆಹಿಟ್ಟು ಕಟ್ಟಿಸಿಕೊಂಡರು.

ಅಕ್ಕ ಈಗಲೂ ಸಂಜೆ ಫೋನು ಮಾಡುತ್ತಾಳೆ. ಒಳನಾಡಿನ ಸಜ್ಜೆ ತರಿಸಿ, ಕುಟ್ಟುವ ಕಷ್ಟ ತಪ್ಪಲೆಂದು ಗಿರಣಿಯಲ್ಲಿ ಬೀಸಿಸಿ, ಅಂಗಡಿಯ ಮುಂಭಾಗದಲ್ಲಿ ಇಟ್ಟಿದ್ದಾಳೆ. ವಯಸ್ಸಾದವರು ಕೊಳ್ಳುತ್ತಾರಂತೆ. ಅವಳ ಹೆಣ್ಣುಮಕ್ಕಳು ಮೂಗು ಮುರಿಯುತ್ತಾರಂತೆ. ಲಾಭವಿಲ್ಲ, ಆದರೂ ಬಿಡುವುದಿಲ್ಲ ಎನ್ನುತ್ತಾಳೆ. ನಮ್ಮಿಬ್ಬರಲ್ಲಿ ಯಾರ ಹಿಟ್ಟು ಮೃದು ಎಂದು ವಾದ ನಡೆಯುತ್ತಿರುತ್ತದೆ. ಗೆಳತಿಯಂತೂ ನನ್ನ ಮಾತನ್ನು ಇನ್ನೂ ಪೂರ್ತಿ ಒಪ್ಪಿಲ್ಲ. ನೀನೊಬ್ಬಳು ಹಿಟ್ಟು ಮಾರಿದರೆ ದೇಶ ಉಳಿಯುತ್ತದೆಯೇ ಎಂದು ಕೇಳುತ್ತಾಳೆ. ಇಲ್ಲ. ಆದರೆ ದೇಶ ಎನ್ನುವುದು ಅವಳು ನೋಡುವ ಆ ಚಿತ್ರದಲ್ಲಿ ಮಾತ್ರ ಒಂದೇ ತುಂಡು. ಕೆಳಗೆ ಇಳಿದು ಬಂದರೆ ಅದು ಯಾರೋ ಒಬ್ಬರು ಬಿತ್ತಿದ್ದು, ಯಾರೋ ಒಬ್ಬರು ಕೊಂಡದ್ದು. ಕೊಳ್ಳುವವರು ಮಾತು ತಪ್ಪಿದರೆ ಬಿತ್ತುವವರು ನಿಲ್ಲಿಸುತ್ತಾರೆ. ನಾನು ಕಂಡದ್ದು ಇಷ್ಟು, ಇದನ್ನು ಯಾವ ಸಭೆಯಲ್ಲಿ ಬೇಕಾದರೂ ಹೇಳುತ್ತೇನೆ.

ಈ ವರ್ಷ ಹಡಗಿನ ತೊಗರಿ ಮತ್ತೆ ಧಾರಾಳವಾಗಿ ಬಂದಿದೆ, ಅಗ್ಗವಾಗಿಯೂ ಇದೆ. ನಾನು ಮಾತು ಕೊಟ್ಟಿದ್ದರಿಂದ ಡಭೋಯಿಯ ಕಾಕಾ ಈ ಸಲ ಅಂಚಿಗಷ್ಟೇ ಅಲ್ಲ, ಅರ್ಧ ಹೊಲಕ್ಕೆ ತೊಗರಿ ಹಾಕಿದ್ದರು. ಕೊಯ್ಲಾದ ಮೇಲೆ ಅವರೇ ಫೋನು ಮಾಡಿ, ಪೇಟೆಯ ಬೆಲೆ ಗೊತ್ತಿದೆ ತಾನೇ ಎಂದು ಕೇಳಿದರು. ದನಿಯಲ್ಲಿ ಅಳುಕಿತ್ತು. ಗೊತ್ತಿದೆ ಕಾಕಾ, ಟೆಂಪೋ ಕಳಿಸಲೇ ಎಂದೆ. ಮಾತಾಡಿಕೊಂಡ ಬೆಲೆಗೇ ಎಲ್ಲವನ್ನೂ ತಂದೆ. ಪಕ್ಕದ ಅಂಗಡಿಯ ಬೇಳೆಗಿಂತ ನನ್ನದು ದುಬಾರಿ, ಹಾಗಾಗಿ ನಿಧಾನವಾಗಿ ಹೋಗುತ್ತಿದೆ. ಅಂಗಡಿಯಲ್ಲಿ ಜಾಗ ಸಾಲದೆ ಮೂಟೆಗಳು ನಾನು ಮಲಗುವ ಕೋಣೆಗೂ ಬಂದಿವೆ. ಮಂಚಕ್ಕೆ ಹೋಗಬೇಕಾದರೆ ಅಡ್ಡಡ್ಡ ನಡೆಯಬೇಕು. ಮೊನ್ನೆ ಬಂದಿದ್ದ ಗೆಳತಿ ಅವುಗಳ ಮೇಲೆಯೇ ಕೂತು, ಇದೆಲ್ಲ ಮಾರಾಟವಾಗದಿದ್ದರೆ ಏನು ಮಾಡ್ತೀಯೇ ಎಂದು ಕೇಳಿದಳು.

"ತಿಂತೀನಿ," ಎಂದೆ.